ಕರಪತ್ರದ ಹಿಂಬದಿ

ಮಾರ್ಚ್ 3, ಸೋಮವಾರ

ಕರಪತ್ರ ಅಚ್ಚಾಯಿತು. ಮುನ್ನೂರು ಪ್ರತಿ. ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯ ಯಜಮಾನರು ಒಂದೇ ಷರತ್ತು ಹಾಕಿದ್ದರು: ಒಂದು ಬದಿ ಮಾತ್ರ. ಹಿಂಬದಿ ಖಾಲಿ. ಮಸಿ ಹರಡಿ ಹಾಳಾದ ಹತ್ತಿಪ್ಪತ್ತು ಪ್ರತಿಗಳ ಹಿಂಬದಿಯಲ್ಲಿ ಇನ್ನು ಮುಂದೆ ದಿನಚರಿ ಬರೆಯುತ್ತೇನೆ. ಕಾಗದವೂ ದುಡಿಯಬೇಕು.

ತಲೆಬರಹ: ‘ಬೀಗ ಹಾಕಿದ ತಂತ್ರಾಂಶ, ಬೀಗ ಹಾಕಿದ ಬದುಕು.’ ಕೊನೆಯ ಸಾಲು: ‘ರಾಜಿ ಎಂಬುದು ಶರಣಾಗತಿಗೆ ಇಟ್ಟ ಸಭ್ಯ ಹೆಸರು.’ ಆ ಸಾಲು ನನ್ನದೇ. ಯಾವ ಪುಸ್ತಿಕೆಯಿಂದಲೂ ಎತ್ತಿದ್ದಲ್ಲ.

ಬರೆದವರು ಮಾಡಿ ತೋರಿಸಬೇಕು. ಅದಕ್ಕೇ ಇವತ್ತು ಅಂಗಡಿಗೆ ಬರುವ ಮೊದಲು ಅಣ್ಣನ ಲ್ಯಾಪ್‌ಟಾಪಿಗೆ ಕೈ ಹಾಕಿದೆ. ಹತ್ತು ವರ್ಷ ಹಳೆಯದು, ಒಂದು ಕಡೆಯ ಕೀಲನ್ನು ತಂತಿ ಸುತ್ತಿ ನಿಲ್ಲಿಸಿದ್ದಾನೆ. ಅದರಲ್ಲಿದ್ದದ್ದು ಆ ದೊಡ್ಡ ಕಂಪನಿಯ ಆಪರೇಟಿಂಗ್ ವ್ಯವಸ್ಥೆ, ಅದರ ಮೇಲೊಂದು ಡ್ರಾಯಿಂಗ್ ತಂತ್ರಾಂಶ. ಎರಡೂ ಕದ್ದ ಪ್ರತಿ. ಮೂಲೆಯಂಗಡಿಯ ರಿಪೇರಿ ಮಾಮ ಹಾಕಿಕೊಟ್ಟದ್ದು. ಕೊಂಡರೂ ಅದೇ ಸರಪಳಿ, ಕದ್ದರೂ ಅದೇ ಸರಪಳಿ.

ಅಣ್ಣ ಹದಿನಾರು ವರ್ಷ ಲೋಹ ಕಡೆಯುವ ಲೇತ್ ಓಡಿಸಿದವನು. ಹೋದ ಆಗಸ್ಟಿನಲ್ಲಿ ಯಂತ್ರ ಅವನ ಬಲಗೈಯ ತೋರುಬೆರಳು, ನಡುಬೆರಳು ಎರಡನ್ನೂ ತೆಗೆದುಕೊಂಡಿತು. ಈಗ ವರ್ಕ್‌ಶಾಪಿನವರು ಎರಡು ದಾರಿ ತೋರಿಸಿದ್ದಾರೆ. ಒಂದು, ಗೇಟಿನ ಸ್ಟೂಲು, ಅಂದರೆ ಕಾವಲು ಕೆಲಸ. ಇನ್ನೊಂದು, ಅಲ್ಲಿನ ಮುದುಕ ಡ್ರಾಫ್ಟ್ಸ್‌ಮನ್ ತಿಂಗಳ ಕೊನೆಗೆ ಕೆಲಸ ಬಿಡುತ್ತಾರೆ. ಕಂಪ್ಯೂಟರಿನಲ್ಲಿ ಯಂತ್ರದ ಬಿಡಿಭಾಗದ ಚಿತ್ರ ಬರೆಯಲು ಬಂದರೆ ಆ ಕುರ್ಚಿ. 15ನೇ ತಾರೀಕು ಶನಿವಾರ ಇಂಜಿನಿಯರ್ ಎದುರು ಸ್ವಂತ ಲ್ಯಾಪ್‌ಟಾಪಿನಲ್ಲಿ ಒಂದು ಭಾಗ ಬರೆದು ತೋರಿಸಬೇಕು. ಹನ್ನೆರಡು ದಿನ ಇದೆ. ಅಣ್ಣ ಆ ಕೋಣೆಗೆ ಕದ್ದ ಮಾಲು ಹಿಡಿದು ಹೋಗಬಾರದು, ಸ್ವತಂತ್ರನಾಗಿ ಹೋಗಬೇಕು.

ಅವನ ನಲವತ್ತೊಂದು ಡ್ರಾಯಿಂಗನ್ನೂ ಮೊದಲು ಒಂದು ಮೆಮೊರಿ ಕಾರ್ಡಿಗೆ ಹಾಕಿಟ್ಟೆ. ಆಮೇಲೆ ಯಾರ ಬೀಗವೂ ಇಲ್ಲದ, ಪುಕ್ಕಟೆ ಸಿಗುವ ಲಿನಕ್ಸ್ ವ್ಯವಸ್ಥೆ ಇರುವ ಪೆನ್‌ಡ್ರೈವ್ ಚುಚ್ಚಿದೆ. ಅದು ಕೇಳಿತು: ಹಳೆಯದನ್ನೂ ಉಳಿಸಿಕೊಂಡು ಪಕ್ಕದಲ್ಲಿ ಹಾಕಲೇ, ಇಲ್ಲ ಡಿಸ್ಕ್ ಪೂರ್ತಿ ಅಳಿಸಲೇ? ಒಂದು ಡಿಸ್ಕಿಗೆ ಇಬ್ಬರು ಒಡೆಯರಿರಬಾರದು. ಅಣ್ಣನ ಕೈಯಿಂದಲೇ ಒತ್ತಿಸಬೇಕೆಂದಿದ್ದೆ.

“ನೀನೇ ಒತ್ತು ಪುಟ್ಟಿ,” ಎಂದ. “ನಿನಗೆ ಗೊತ್ತಲ್ಲ.”

ಒತ್ತಿದೆ. ನಲವತ್ತು ನಿಮಿಷದಲ್ಲಿ ಮುಗಿಯಿತು. ಪೆನ್‌ಡ್ರೈವ್ ತೆಗೆದು ಮತ್ತೆ ಚಾಲೂ ಮಾಡಿದರೆ ಕಪ್ಪು ಪರದೆ, ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಸಾಲು: ಶುರು ಮಾಡಲು ಯಾವ ಡಿಸ್ಕೂ ಸಿಗಲಿಲ್ಲ.

ಸಣ್ಣ ಅಡಚಣೆ. ನಾಳೆ ಸರಿಯಾಗುತ್ತದೆ.

ಮಾರ್ಚ್ 4, ಮಂಗಳವಾರ

ಅಂಗಡಿಯ ಕಂಪ್ಯೂಟರಿನಲ್ಲಿ ಹುಡುಕಿ ಓದಿದೆ. ಕಾರಣ ಸಿಕ್ಕಿತು. ಇಂಥ ಯಂತ್ರಕ್ಕೆ ಏಳುವ ರೀತಿ ಎರಡು. ಅದನ್ನೇ ಬೂಟ್ ಮೋಡ್ ಅನ್ನುತ್ತಾರೆ. ಹಳೆಯ ರೀತಿಯ ಹೆಸರು ಲೆಗಸಿ: ಡಿಸ್ಕಿನ ಮೊಟ್ಟಮೊದಲ ತುಣುಕನ್ನು ಓದಿ ಏಳುತ್ತದೆ. ಹೊಸ ರೀತಿಯ ಹೆಸರು ಯುಇಎಫ್‌ಐ: ಡಿಸ್ಕಿನಲ್ಲಿ ಒಂದು ಸಣ್ಣ ವಿಭಾಗ, ಅದರಲ್ಲೊಂದು ಫೋಲ್ಡರು, ಅದರೊಳಗಿನ ಫೈಲು ಹುಡುಕಿ ಏಳುತ್ತದೆ. ಯಂತ್ರ ಒಂದು ಬಾಗಿಲಲ್ಲಿ ಕಾಯುತ್ತಿರುವಾಗ ನಾನು ಲಿನಕ್ಸನ್ನು ಇನ್ನೊಂದು ಬಾಗಿಲಲ್ಲಿ ನಿಲ್ಲಿಸಿ ಬಂದಿದ್ದೇನೆ. ಅಷ್ಟೇ.

‘ಹಳೆಯ ಲ್ಯಾಪ್‌ಟಾಪಿಗೆ ಲೆಗಸಿ ಹಾಕಿ’ ಎಂದು ಯಾರೋ ಬರೆದದ್ದನ್ನು ಓದಿ ಕಣ್ಣು ಮುಚ್ಚಿ ಹಾಗೇ ಮಾಡಿದ್ದೆ. ಸ್ವಂತ ಬುದ್ಧಿಯಿಂದ ಯೋಚಿಸಿ ಎಂದು ಮುನ್ನೂರು ಪ್ರತಿ ಅಚ್ಚು ಹಾಕಿದವಳು ನಾನು.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಯುಇಎಫ್‌ಐಗೆ ಬದಲಿಸಿದೆ. ಅದೇ ಬಿಳಿ ಸಾಲು.

ಅತ್ತಿಗೆ ಆಸ್ಪತ್ರೆಯ ಲಾಂಡ್ರಿ ಕೆಲಸಕ್ಕೆ ಹೊರಟು ನಿಂತಿದ್ದವಳು ನನ್ನ ಭುಜದ ಮೇಲಿಂದ ಇಣುಕಿದಳು. ನನ್ನನ್ನು ಆಕೆ ಹೆಸರು ಹಿಡಿದು ಕರೆಯುವುದು ಬಿಟ್ಟು ವರ್ಷವಾಯಿತು.

“ಏನಮ್ಮ ಕರಪತ್ರ, ಮಿಷನ್ನಿಗೆ ಸ್ವಾತಂತ್ರ್ಯ ಬಂತಾ?”

“ಬರುತ್ತೆ ಅತ್ತಿಗೆ.”

“ಬರಲಿ. ಮೊದಲು ಕರೆಂಟಾದ್ರೂ ಬಂದಿದೆಯಾ ನೋಡು.”

ಅಣ್ಣ ನಕ್ಕ. ನಾನು ನಗಲಿಲ್ಲ. ದೊಡ್ಡ ಕೆಲಸಗಳನ್ನು ನಗುವವರು ಮಾಡಲಿಲ್ಲ.

ಸಂಜೆ ಅಂಗಡಿಯಿಂದ ಬರುತ್ತಾ ರಿಪೇರಿ ಮಾಮನ ಅರ್ಧ ಇಳಿಸಿದ ಶಟರಿಗೆ ಒಂದು ಕರಪತ್ರ ಅಂಟಿಸಿದೆ. ಅವರು ಒಳಗೆ ಬೆನ್ನು ಮಾಡಿ ಕೂತಿದ್ದರು.

ಮಾರ್ಚ್ 7, ಶುಕ್ರವಾರ

ಯಾವ ರೀತಿಯಲ್ಲಿ ಪೆನ್‌ಡ್ರೈವಿನಿಂದ ಎಬ್ಬಿಸಿದೆವೋ ಆ ರೀತಿಯಲ್ಲೇ ಲಿನಕ್ಸ್ ಕೂರುತ್ತದಂತೆ. ಇದನ್ನು ಮೊದಲ ಪುಟದಲ್ಲೇ ಯಾಕೆ ಬರೆಯುವುದಿಲ್ಲ? ಚಾಲೂ ಮಾಡುವಾಗ ಬರುವ ಪಟ್ಟಿಯಲ್ಲಿ ನನ್ನ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ, ಒಂದರ ಹಿಂದೆ ಯುಇಎಫ್‌ಐ ಎಂಬ ಅಕ್ಷರ ಇದೆ. ಅದನ್ನೇ ಆರಿಸಿದೆ. ಡಿಸ್ಕನ್ನು ಮತ್ತೆ ಅಳಿಸಿ, ಮತ್ತೆ ಹಾಕಿದೆ. ಒಂದೂ ತಪ್ಪಿಲ್ಲದೆ ಮುಗಿಯಿತು.

ಅದೇ ಸಾಲು. ಅದೇ ಕಪ್ಪು.

ಮಾರ್ಚ್ 8, ಶನಿವಾರ

ಅಂಗಡಿಗೆ ರಜೆ ಹಾಕಿದೆ. ಸೆಕ್ಯೂರ್ ಬೂಟ್ ಅನ್ನುವ ಕಾವಲನ್ನು ತೆಗೆದೆ. ಫಾಸ್ಟ್ ಬೂಟ್ ಅನ್ನುವುದನ್ನೂ ತೆಗೆದೆ. ಲಿನಕ್ಸಿನ ಹೆಸರನ್ನು ಯಂತ್ರದ ಪಟ್ಟಿಗೆ ಕೈಯಿಂದ ಸೇರಿಸಿದೆ. ಸೇರಿತು, ಕಣ್ಣಾರೆ ನೋಡಿದೆ. ಮತ್ತೆ ಚಾಲೂ ಮಾಡಿದರೆ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಮತ್ತೆ ಸೇರಿಸಿದೆ. ಮತ್ತೆ ಇಲ್ಲ. ಒಂಬತ್ತು ಸಲ.

ಪೆನ್‌ಡ್ರೈವ್ ಚುಚ್ಚಿಕೊಂಡರೆ ಅದರಿಂದಲೇ ಲಿನಕ್ಸ್ ಓಡುತ್ತದೆ. ಹಾಗೇ ಕೆಲಸ ಸಾಗಿಸೋಣವೆಂದು ಡ್ರಾಯಿಂಗ್ ತಂತ್ರಾಂಶ ಹಾಕಲು ಹೋದೆ. ಈ ಯಂತ್ರಕ್ಕೆ ಅಷ್ಟು ಮೆಮೊರಿ ಇಲ್ಲ, ಅರ್ಧದಲ್ಲೇ ಕಲ್ಲಾಗಿ ನಿಂತಿತು. ಗುಂಡಿ ಅದುಮಿ ಹಿಡಿದು ಆರಿಸಬೇಕಾಯಿತು.

ಅಣ್ಣ ಎದುರು ಕುರ್ಚಿಯಲ್ಲಿ ಕೂತಿದ್ದ. ಬಲಗೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದ. ಅವನು ಏನೂ ಕೇಳುವುದಿಲ್ಲ. ಬೈದರೆ ಉತ್ತರ ಕೊಡಬಹುದಿತ್ತು.

ಮಾರ್ಚ್ 10, ಸೋಮವಾರ

ಅಣ್ಣ ಕಾಗದದ ಮೇಲೆ ಎಡಗೈಯಲ್ಲಿ ಡ್ರಾಯಿಂಗ್ ಬರೆಯುವುದು ಶುರು ಮಾಡಿದ್ದಾನೆ. ಅಂಗಡಿಯಿಂದ ಹಾಳಾದ ಹಾಳೆ ತಂದುಕೊಟ್ಟೆ. ಗೆರೆ ನಡುಗುತ್ತದೆ. ಅಡಿಪಟ್ಟಿ ಹಿಡಿಯಲು ಬಲಗೈಗೆ ಬಲ ಸಾಲದು, ಜಾರುತ್ತದೆ. ಬುಷ್ ಎಂಬ ಬಳೆಯಂಥ ಒಂದು ಸಣ್ಣ ಭಾಗ ಬರೆಯಲು ಇಡೀ ಬೆಳಿಗ್ಗೆ ಬೇಕಾಯಿತಂತೆ.

ವರ್ಕ್‌ಶಾಪಿನಿಂದ ಫೋರ್‌ಮನ್ ಫೋನು ಮಾಡಿದ್ದರು. ಗೇಟಿನವರ ಸಮವಸ್ತ್ರ ಹೊಲಿಸಲು ಕೊಡುತ್ತಿದ್ದೇವೆ, ಯಾವುದಕ್ಕೂ ಇರಲಿ, ಎದೆಯ ಅಳತೆ ಹೇಳಪ್ಪ ಎಂದರಂತೆ. ಅಣ್ಣ ಹೇಳಿದ್ದಾನೆ.

“ಯಾಕೆ ಹೇಳಿದೆ?”

“ಕೇಳಿದ್ರು, ಹೇಳ್ದೆ. ಅಳತೆ ಹೇಳೋಕೇನು.”

ಹದಿನಾರು ವರ್ಷ ಕೂದಲೆಳೆಯ ಅಳತೆ ಹಿಡಿದವನು.

ಮಾರ್ಚ್ 11, ಮಂಗಳವಾರ

ಮೂರನೇ ಸಲ ಹಾಕಿದೆ. ಇಲ್ಲ.

ಮಾರ್ಚ್ 12, ಬುಧವಾರ

ಇವತ್ತು ಅತ್ತಿಗೆ ನಗಲಿಲ್ಲ.

“ಎತ್ಕೊಂಡು ಹೋಗಿ ರಿಪೇರಿ ಮಾಮನ ಹತ್ರ ಕೊಡು. ಮೊದಲು ಇದ್ದದ್ದನ್ನೇ ಹಾಕ್ಕೊಡ್ಲಿ. ಒಂದು ಗಂಟೆ ಕೆಲಸ.”

“ಅದು ಕದ್ದದ್ದು ಅತ್ತಿಗೆ.”

“ಹೂಂ. ನಿನ್ನ ಅಣ್ಣನ ಬೆರಳು ಯಾರು ಕದ್ರು? ಅವರಿಗೂ ಒಂದು ಕರಪತ್ರ ಬರೆದ್ಯಾ?”

ಬರೆದಿರಲಿಲ್ಲ.

“ನಾಲ್ಕು ತಿಂಗಳು ಕಣೇ,” ಎಂದಳು. “ನೀನು ಪುಸ್ತಕ ಓದ್ತಿದ್ದೆ, ನೋಡಿಲ್ಲ. ನಾಲ್ಕು ತಿಂಗಳು ಆ ಡಬ್ಬದ ಮುಂದೆ ಕೂತು ಬೆವರು ಸುರಿಸಿದ್ದಾನೆ. ನೀನು ಬಂದೆ, ಒಂದು ಗುಂಡಿ ಒತ್ತಿದೆ.”

ಅಣ್ಣ ಒಳಗಿನಿಂದ ಬಂದು, “ಬಿಡೇ, ನಾನೇ ಒತ್ತು ಅಂದಿದ್ದು,” ಎಂದ.

ಅದು ನನಗೆ ಅತ್ತಿಗೆಯ ಮಾತಿಗಿಂತ ಜೋರಾಗಿ ತಗುಲಿತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಎಲ್ಲ ಸರಿಯಾಗಿ ಮಾಡಿದ್ದೇನೆ. ಪ್ರತಿ ಹೆಜ್ಜೆಯನ್ನೂ ಎರಡು ಸಲ ನೋಡಿದ್ದೇನೆ. ಸರಿಯಾಗಿ ಮಾಡಿದ್ದೂ ಏಳುವುದಿಲ್ಲ ಅಂದರೆ ಮನುಷ್ಯ ಯಾವುದನ್ನು ಹಿಡಿದು ನಿಲ್ಲಬೇಕು? ಈ ಪ್ರಶ್ನೆಗೆ ನಾನು ಓದಿದ ಯಾವ ಪುಸ್ತಿಕೆಯಲ್ಲೂ ಉತ್ತರವಿಲ್ಲ. ಅವುಗಳನ್ನು ಬರೆದವರ ಮನೆಯಲ್ಲಿ ಶನಿವಾರಗಳು ಬರುತ್ತಿರಲಿಲ್ಲವೇನೋ.

ಮಾರ್ಚ್ 13, ಗುರುವಾರ

ಸೋತೆ. ಬೆಳಿಗ್ಗೆ ಶಟರು ತೆಗೆಯುವ ಹೊತ್ತಿಗೆ ಲ್ಯಾಪ್‌ಟಾಪ್ ಎದೆಗವಚಿಕೊಂಡು ಮಾಮನ ಅಂಗಡಿಯ ಮುಂದೆ ನಿಂತಿದ್ದೆ. ಅಣ್ಣ ಕಳಿಸಿದ್ದಲ್ಲ. ಹಳೆಯದನ್ನೇ ಹಾಕಿಕೊಡಿ ಎಂದು ಕೇಳಲು ನಾನೇ ಹೋದೆ.

ಅಂಗಡಿ ಎಂದರೆ ಒಂದು ಮಂಚದಷ್ಟು ಜಾಗ. ಗೋಡೆ ತುಂಬ ಬಾಯಿ ಬಿಟ್ಟ ಯಂತ್ರಗಳು. ಮೇಜಿನ ಮೇಲೆ ಶಟರಿನಿಂದ ಕಿತ್ತ ನನ್ನ ಕರಪತ್ರ ಹಾಸಿತ್ತು, ಅದರ ಮೇಲೆ ಸ್ಕ್ರೂಗಳು ಗಾತ್ರದ ಪ್ರಕಾರ ಸಾಲಾಗಿ ಕೂತಿದ್ದವು.

“ಬಾ ತಾಯಿ. ಓದಿದೆ,” ಎಂದರು. “ಚೆನ್ನಾಗಿದೆ. ಕಾಗದ ದಪ್ಪ ಇದೆ.”

ಹೇಳಬೇಕಾದ್ದನ್ನು ಹೇಳಿದೆ. ಹಾಕಿದ್ದು, ಅಳಿಸಿದ್ದು, ಲೆಗಸಿ, ಯುಇಎಫ್‌ಐ, ಒಂಬತ್ತು ಸಲ ಸೇರಿಸಿದ ಹೆಸರು, ಶನಿವಾರ. ಅವರು ನಡುವೆ ಬಾಯಿ ಹಾಕಲಿಲ್ಲ. ಲ್ಯಾಪ್‌ಟಾಪನ್ನು ಮಗುಚಿ ಬೆನ್ನಿನ ಚೀಟಿ ಓದಿದರು, ಒಮ್ಮೆ ಮೂಗಿನಲ್ಲಿ ಸದ್ದು ಮಾಡಿದರು.

“ನೀನು ಹಾಕಿದ್ದು ಸರಿಯಾಗೇ ಇದೆ.”

“ಮತ್ತೆ ಯಾಕೆ ಏಳಲ್ಲ?”

“ಈ ಮಾಡೆಲ್ ಹಂಗೇ. ಆರೇಳು ನೋಡಿದೀನಿ. ಇದರೊಳಗೆ ಮಿಷನ್ ಎಬ್ಬಿಸೋ ಪ್ರೋಗ್ರಾಮ್ ಬರೆದವನಿಗೆ ಮನೆಗೆ ಹೋಗೋ ಅವಸರ ಇತ್ತು ಅನ್ಸುತ್ತೆ. ಇದು ಡಿಸ್ಕಲ್ಲಿ ಒಂದೇ ಫೋಲ್ಡರು ಹುಡುಕೋದು, ಆ ದೊಡ್ಡ ಕಂಪನಿ ಹೆಸರಿಂದು. ಅದರೊಳಗೆ ಅವರದೇ ಹೆಸರಿನ ಫೈಲು. ಬೇರೆ ಯಾವನು ಬಂದು ನಿಂತ್ರೂ ಮುಖ ಎತ್ತಿ ನೋಡಲ್ಲ.”

“ಹಾಗಾದ್ರೆ?”

“ಹಾಗಾದ್ರೆ ಏನು, ಆ ಹೆಸರಿನ ಫೋಲ್ಡರು ಮಾಡು. ನಿನ್ನ ಲಿನಕ್ಸ್ ಎಬ್ಬಿಸೋ ಫೈಲು ಇದೆಯಲ್ಲ, ಅದನ್ನ ಅಲ್ಲಿ ಇಡು, ಅವರ ಫೈಲಿನ ಹೆಸರೇ ಕೊಡು. ಅದು ಒಳಗಡೆ ಏನಿದೆ ಅಂತ ನೋಡಲ್ಲ. ಬಾಗಿಲ ಮೇಲಿನ ಬೋರ್ಡ್ ನೋಡುತ್ತೆ.”

ಬಿಡುಗಡೆಯಾದ ಯಂತ್ರದಲ್ಲಿ, ನನ್ನ ಕೈಯಿಂದಲೇ, ಆ ಹೆಸರು.

“ಬೇಡಾಂದ್ರೆ ಬಿಡು,” ಎಂದರು ಮಾಮ. “ಹಳೇದನ್ನೇ ಹಾಕ್ತೀನಿ. ಆ ಡ್ರಾಯಿಂಗಿಂದು ಮಾತ್ರ ಖಾತ್ರಿ ಇಲ್ಲ, ನನ್ನ ಪ್ರತಿ ಹೋದ ತಿಂಗಳಿಂದ ಎಲ್ಲ ಕಡೆ ಕೈ ಕೊಡ್ತಿದೆ. ನಿನ್ನ ಇಷ್ಟ. ನಾನು ಕರಪತ್ರ ಬರೆಯೋನಲ್ಲ.”

“ಬರೆದುಕೊಡಿ,” ಎಂದೆ.

ಅವರು ಸ್ಕ್ರೂಗಳನ್ನು ಒಂದು ಮುಚ್ಚಳಕ್ಕೆ ಸುರಿದು, ಕರಪತ್ರ ಮಗುಚಿ, ಖಾಲಿ ಬದಿಯಲ್ಲಿ ಆರು ಸಾಲು ಬರೆದರು. ಫೋಲ್ಡರಿನ ಹೆಸರು, ಫೈಲಿನ ಹೆಸರು, ಎಲ್ಲಿಂದ ಎಲ್ಲಿಗೆ. ಅಕ್ಷರ ನನ್ನದಕ್ಕಿಂತ ಚಂದ.

“ನೀವೇ ಮಾಡಿಕೊಡಬಹುದಲ್ಲ ಮಾಮ?”

“ಮಾಡಬಹುದು. ನಾಳೆ ಇನ್ನೊಂದು ಅಪ್‌ಡೇಟ್ ಬಂದು ಮತ್ತೆ ಮಲಗಿದ್ರೆ ಯಾರು ಎಬ್ಬಿಸ್ತಾರೆ? ಇಲ್ಲೇ ಕೂತು ಮಾಡು. ಟೀ ತರಿಸ್ತೀನಿ.”

ಪೆನ್‌ಡ್ರೈವಿನಿಂದ ಎಬ್ಬಿಸಿ, ಆ ಸಣ್ಣ ವಿಭಾಗ ತೆರೆದು, ಫೋಲ್ಡರು ಮಾಡಿದೆ. ಹೆಸರಿನ ಎರಡನೇ ಅಕ್ಷರ ತಪ್ಪಿ ಹೋಯಿತು, ಅಳಿಸಿ ಮತ್ತೆ ಬರೆದೆ. ಫೈಲು ನಕಲು ಮಾಡಿದೆ. ಹೆಸರು ಬದಲಿಸಿದೆ. ಪೆನ್‌ಡ್ರೈವ್ ತೆಗೆದೆ.

ಎದ್ದಿತು.

ಮಾಮ ಟೀ ಲೋಟ ನನ್ನ ಕಡೆ ಸರಿಸಿದರು. ಹತ್ತು ದಿನ. ಆರು ಸಾಲು.

ಮಾರ್ಚ್ 14, ಶುಕ್ರವಾರ

ಬರೆಯಲು ಆಗುತ್ತಿಲ್ಲ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಲ್ಯಾಪ್‌ಟಾಪನ್ನು ಅಣ್ಣನ ಮುಂದಿಟ್ಟೆ. ಸ್ವತಂತ್ರ ಡ್ರಾಯಿಂಗ್ ತಂತ್ರಾಂಶ ಹಾಕಿದ್ದೆ, ನಲವತ್ತೊಂದು ಡ್ರಾಯಿಂಗೂ ತೆರೆದುಕೊಂಡವು. ಅವನು ಮೌಸನ್ನು ಎಡಗೈಗೆ ತೆಗೆದುಕೊಂಡ. ಬಲಗೈಯ ಮೂರು ಬೆರಳನ್ನು ಕೀಬೋರ್ಡಿನ ಬಲಮೂಲೆಯ ಮೇಲಿಟ್ಟ. ಒಂದು ಕೀಲಿ ಒತ್ತಿದ. ಏನೂ ಆಗಲಿಲ್ಲ. ಇನ್ನೊಂದು. ಏನೋ ಬೇರೆಯೇ ತೆರೆದುಕೊಂಡಿತು. ಕೈ ಹಿಂದೆ ತೆಗೆದುಕೊಂಡ.

“ಏನಾಯ್ತಣ್ಣ?”

“ಏನಿಲ್ಲ. ಇದರಲ್ಲಿ ಕೀಲಿಗಳು ಬೇರೆ ಇರಬೇಕು.”

“ಎಲ್ಲ ಹಾಗೇ ಇದೆಯಲ್ಲ, ಗೆರೆಗೆ ಇದು, ವೃತ್ತಕ್ಕೆ ಇದು…”

“ಅದು ಎಡಗಡೆ ಪುಟ್ಟಿ. ಎಲ್ಲರದೂ ಹಂಗೇ ಇರೋದು. ಬಲಗೈಲಿ ಮೌಸು, ಎಡಗೈಲಿ ಕೀಲಿ. ನನ್ನದು ತಿರುಗಾ ಮುರುಗಾ. ಹಳೇದರಲ್ಲಿ ನಾನು ಎಲ್ಲಾನೂ ಬಲಗಡೆಗೆ ತಂದುಕೊಂಡಿದ್ದೆ. ಹೆಬ್ಬೆರಳಿಗೆ ಯಾವುದು, ಕಿರುಬೆರಳಿಗೆ ಯಾವುದು ಅಂತ. ದಿನಾ ಒಂದೊಂದು.”

ನಾಲ್ಕು ತಿಂಗಳು ಅಂದರೆ ಅದು. ಡ್ರಾಯಿಂಗಲ್ಲ. ಡ್ರಾಯಿಂಗನ್ನು ನಾನು ಜೋಪಾನವಾಗಿ ಕಾರ್ಡಿಗೆ ಹಾಕಿದ್ದೆ. ಅವನ ಕೈಯನ್ನು ಅಳಿಸಿದ್ದೆ.

“ಮೊದಲೇ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಏನಾಗ್ತಿತ್ತು? ಮಿಷನ್ನೇ ಎದ್ದಿರಲಿಲ್ಲ. ನೀನು ಊಟ ಬಿಟ್ಟು ಕೂತಿದ್ದೆ.”

ಇನ್ನೊಂದು ದಿನ ಉಳಿದಿತ್ತು. ಒಂದು ದಿನವೂ ಅಲ್ಲ. ನಾಳೆ ಹತ್ತು ಗಂಟೆಗೆ ಪರೀಕ್ಷೆ. ಯಜಮಾನರಿಗೆ ಹುಷಾರಿಲ್ಲ ಎಂದು ಹೇಳಿ ಕಳಿಸಿದೆ, ಸುಳ್ಳು. ಅಣ್ಣನ ಎದುರು ಕೂತು ಅವನ ಬಲಗೈಯನ್ನು ನನ್ನ ಕೈಯಲ್ಲಿ ತೆಗೆದುಕೊಂಡೆ. ಆಗಸ್ಟಿನಿಂದ ಅದನ್ನು ಮುಟ್ಟಿರಲಿಲ್ಲ ಎಂದು ಆಗ ಹೊಳೆಯಿತು. ಬೆರಳಿದ್ದ ಜಾಗದ ಚರ್ಮ ನುಣ್ಣಗಿದೆ, ಮಗುವಿನದರ ಹಾಗೆ. ಕಿರುಬೆರಳು ಪೂರ್ತಿ ಚಾಚುವುದಿಲ್ಲ. ಉಂಗುರದ ಬೆರಳಿಗೆ ಶಕ್ತಿ ಇದೆ.

“ಗೆರೆ ಯಾವ ಬೆರಳಿಗೆ ಬೇಕು?”

“ಗೆರೆ ಹೆಬ್ಬೆರಳಿಗೆ. ಹೆಚ್ಚು ಬೇಕಾಗೋದು ಅದೇ.”

“ವೃತ್ತ?”

“ಉಂಗುರದ್ದಕ್ಕೆ. ಅದರ ಪಕ್ಕದಲ್ಲೇ ಅಳತೆ. ಕತ್ತರಿಸೋದು… ತಡಿ, ಅದು ಹೆಂಗಿಟ್ಟಿದ್ದೆ?”

ಅವನಿಗೂ ಕೆಲವು ಮರೆತಿದ್ದವು. ಬೆರಳಿಗೆ ಗೊತ್ತಿತ್ತು, ತಲೆಗಲ್ಲ. ಮೇಜಿನ ಮೇಲೆ ಬೆರಳಾಡಿಸಿ ಆಡಿಸಿ ನೆನಪು ಮಾಡಿಕೊಂಡ. ಈ ತಂತ್ರಾಂಶದಲ್ಲಿ ಯಾವ ಕೀಲಿಯನ್ನು ಬೇಕಾದರೂ ಬದಲಿಸಬಹುದು. ಇಪ್ಪತ್ತಾರು ಬದಲಿಸಿದೆ. ಮಧ್ಯಾಹ್ನದ ಮೇಲೆ ಅತ್ತಿಗೆ ಪಾಳಿ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತು ನೋಡಿದಳು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ. ಆಮೇಲೆ ಊಟದ ತಟ್ಟೆ ತಂದಿಟ್ಟಳು.

ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದೆ, ನಾಳೆ ಮರೆತರೆ ಇರಲಿ ಎಂದು. ಕೀಬೋರ್ಡಿನ ಬಲಬದಿಯ ಚಿತ್ರ, ಪ್ರತಿ ಕೀಲಿಯಲ್ಲಿ ಅದರ ಕೆಲಸ. ಬೇರೆ ಕಾಗದ ಸಿಗಲಿಲ್ಲ. ಕರಪತ್ರದ ಹಿಂಬದಿಯಲ್ಲೇ.

“ಮುಂದಿನ ಕಡೆ ಕೆಳಗೆ ಮಾಡಿ ಇಡಬೇಕಲ್ಲೇ,” ಎಂದಳು ಅತ್ತಿಗೆ.

“ಇಡಲಿ ಬಿಡಿ,” ಎಂದೆ.

ಅಣ್ಣ ಒಂದು ಬುಷ್ ಬರೆದ. ಐವತ್ತು ನಿಮಿಷ. ಮೊದಲು ಇಪ್ಪತ್ತರಲ್ಲಿ ಮುಗಿಸುತ್ತಿದ್ದನಂತೆ. ನಾಳೆ ಕೊಡುವುದು ಒಂದು ಗಂಟೆ.

ಮಾರ್ಚ್ 15, ಶನಿವಾರ

ಅಣ್ಣನ ಜೊತೆ ವರ್ಕ್‌ಶಾಪಿನವರೆಗೆ ಹೋದೆ. ಒಳಗೆ ಬಿಡಲಿಲ್ಲ. ಗೇಟಿನ ಬದಿಗೆ ಒಂದು ಕಬ್ಬಿಣದ ಸ್ಟೂಲು, ಅದರ ಪಕ್ಕದ ಮೊಳೆಗೆ ಹೊಸ ಸಮವಸ್ತ್ರ ನೇತು ಹಾಕಿತ್ತು.

“ಕೂತ್ಕೊಳಮ್ಮ, ಎಷ್ಟೊತ್ತು ನಿಲ್ತೀಯ,” ಎಂದರು ಗೇಟಿನವರು. ಬೇಡ ಎಂದೆ. ಒಂದು ಗಂಟೆ ಹತ್ತು ನಿಮಿಷ ನಿಂತೇ ಇದ್ದೆ. ಇವತ್ತು ಬೆಳಿಗ್ಗೆ ಎದ್ದ ಯಂತ್ರ ಅಲ್ಲಿ ಏಳದೆ ಹೋದರೆ? ಮಾಮನ ಆರು ಸಾಲು ನನ್ನ ಮುಷ್ಟಿಯಲ್ಲಿತ್ತು. ಗೇಟಿನ ಸರಳು ದಾಟಿ ಓಡಿ ಹೋಗಿ ಮಾಡಿಕೊಡುತ್ತೇನೆ ಎಂದುಕೊಂಡಿದ್ದೆ. ಸರಳುಗಳು ನನ್ನ ತಲೆಗಿಂತ ಎತ್ತರ.

ಅಣ್ಣ ಹೊರಗೆ ಬಂದವನು ಲ್ಯಾಪ್‌ಟಾಪ್ ಚೀಲವನ್ನು ನನ್ನ ಕೈಗೆ ಕೊಟ್ಟು ನೀರು ಕೇಳಿದ. ಕುಡಿದ. ಆಮೇಲೆ ಹೇಳಿದ.

ಇಂಜಿನಿಯರ್ ಮೇಡಂ ಕೈಯಲ್ಲಿ ಗೀಚಿದ ಒಂದು ಫ್ಲಾಂಜಿನ ಚಿತ್ರ ಕೊಟ್ಟರಂತೆ, ಪೈಪು ಜೋಡಿಸುವ ಎಂಟು ತೂತಿನ ಚಕ್ರ. ಅವನು ಒಂದು ಗಂಟೆಯಲ್ಲಿ ಮುಗಿಸಲಿಲ್ಲ.

“ಎಷ್ಟಾಗಿತ್ತು?”

“ಐದು ತೂತು ಆಗಿತ್ತು. ಎರಡು ಸಲ ಕಮಾನು ಗೆರೆ ಜಾರಿ ಹೋಯ್ತು, ಕಿರುಬೆರಳಿಗೆ ಆ ಕೀಲಿ ದೂರ. ಗಂಟೆ ಆಯ್ತು ಅಂದ್ರು, ಕೈ ಬಿಟ್ಟೆ. ಆಮೇಲೆ ಅಂದೆ, ಮೇಡಂ, ನೀವು ಕೊಟ್ಟಿರೋ ಈ ಒಳಮೂಲೆ ಇಷ್ಟು ಚೂಪು ಲೇತಲ್ಲಿ ಬರಲ್ಲ, ಟೂಲಿನ ಮೂಗು ಅಷ್ಟು ಸಣ್ಣ ಇರಲ್ಲ, ನಾನು ಸ್ವಲ್ಪ ದುಂಡು ಮಾಡಿದೀನಿ ಅಂತ. ಅವರು ಆ ಮುದುಕರನ್ನ ಕರೆಸಿದ್ರು. ಅವರು ನೋಡಿದ್ರು. ಹೌದು ಅಂದ್ರು.”

“ಆಮೇಲೆ?”

“ಸೋಮವಾರದಿಂದ ಬಾ ಅಂದ್ರು. ಮುದುಕರ ಪಕ್ಕ ಕೂತ್ಕೊ, ಹದಿನೈದು ದಿನ ನೋಡೋಣ, ಕೈ ಓಡಲಿಲ್ಲ ಅಂದ್ರೆ ಗೇಟು ಇದ್ದೇ ಇದೆ ಅಂತ.”

ಗೆದ್ದೆವೋ ಇಲ್ಲವೋ ಗೊತ್ತಾಗಲಿಲ್ಲ. ಅಣ್ಣನ ಮುಖದಲ್ಲೂ ಗೊತ್ತಾಗಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ ಅವನೇ ನಕ್ಕ.

“ಮೇಡಂ ನಿನ್ನ ಹಾಳೆ ಎತ್ತಿ ನೋಡಿದ್ರು. ತಿರುಗಿಸಿ ಆ ಕಡೇದೂ ಓದಿದ್ರು, ರಾಜಿ, ಶರಣಾಗತಿ, ಎಲ್ಲ. ಇದೇನಪ್ಪ ಅಂದ್ರು. ಅದು ಹಿಂದಿನ ಪುಟ ಮೇಡಂ, ಮುಂದಿನದು ಇದು ಅಂದೆ.”

ಅಚ್ಚಾಗಿರುವ ಬದಿಯೇ ಮುಂದಿನ ಪುಟ. ದಾರಿಯಲ್ಲೇ ತಿದ್ದಬೇಕೆಂದಿದ್ದೆ. ಆದರೆ ಕಮಾನಿನ ಕೀಲಿಯ ಬಗ್ಗೆ ಕೇಳುವುದಿತ್ತು: ಎಷ್ಟು ದೂರ, ಒಂದು ಸಾಲು ಕೆಳಗೆ ತಂದರೆ ಸಾಕೇ, ಇಲ್ಲ ಉಂಗುರದ ಬೆರಳಿಗೇ ಕೊಡುವುದೇ? ಮನೆ ಬರುವವರೆಗೂ ಅದನ್ನೇ ಮಾತಾಡಿದೆವು.

ಹಾಳಾದ ಪ್ರತಿಗಳು ಮುಗಿದಿವೆ. ಕಟ್ಟಿನಿಂದ ಒಳ್ಳೆಯದೊಂದನ್ನು ಎಳೆದುಕೊಂಡು ಇಷ್ಟು ಬರೆದೆ. ಇನ್ನೊಂದನ್ನು ಮಗುಚಿ ಇಟ್ಟಿದ್ದೇನೆ, ಕೀಬೋರ್ಡಿನ ಬಲಬದಿಯನ್ನು ಮತ್ತೆ ಬರೆಯಬೇಕು. ಅಣ್ಣ ಮೇಜಿನ ಮೇಲೆ ಕೈ ಚಾಚಿ ಕೂತಿದ್ದಾನೆ, ಅಳತೆಗೆ.